ಅಂಗೈಯಲ್ಲಿ ಮೂರು ಸಲ

"ಆ ಫೋನ್ ಕೆಳಗಿಡೋ. ಇಟ್ಟು, ನನ್ನ ಮುಖ ನೋಡಿ ಹೇಳು. ಬೆರಳು ಅಲುಗಾಡಿದ್ದು ಯಾರದು?"

"ಯಾರದೋ ಅಕ್ಕ. ಮುನ್ನೂರು ಜನ ಮಲಗಿದ್ವಿ. ನನಗೇನು ಗೊತ್ತು?"

"ಮುನ್ನೂರು ಜನದಲ್ಲಿ ಎದೆಗೆ ಎರಡು ಬಾಣ ನೆಟ್ಟಿಸ್ಕೊಂಡು ಮಲಗಿದ್ದೋನು ಒಬ್ಬನೇ. ನಿಮ್ಮ ಮ್ಯಾನೇಜರೇ ಈಗ ಹೇಳಿದ. ಸ್ಪೀಕರ್ ಹಾಕ್ಕೊಂಡು ಮಾತಾಡಿದ್ದು ನೀನು. ನನಗೇನು ಕಿವಿ ಕೇಳಲ್ಲ ಅಂದ್ಕೊಂಡ್ಯಾ?"

ಮೇಸ್ತ್ರಿ ಫೋನನ್ನು ಜೇಬಿಗೆ ಹಾಕಿಕೊಂಡ. ಹೊರಗೆ ಬೀದಿಯಲ್ಲಿ ಲಾರಿ ಎರಡು ಸಲ ಹಾರ್ನ್ ಹೊಡೆಯಿತು. ಅದರ ತುಂಬ ಅವನ ಆಳುಗಳು ಕೂತಿದ್ದರು. ಅಕ್ಕ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಕೂತಿದ್ದಳು. ತೊಡೆಯ ಮೇಲೆ ಗಂಡನ ಅಂಗಿ. ಕತ್ತರಿಯಲ್ಲಿ ಅದರ ಗುಂಡಿಗಳನ್ನು ಒಂದೊಂದಾಗಿ ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದಳು. ಗಂಡ ಸತ್ತು ಐದು ದಿನವಾಗಿತ್ತು.

"ಇರುವೆ ಕಚ್ಚಿರಬೇಕು," ಎಂದ ಮೇಸ್ತ್ರಿ.

"ಇರುವೆ ಎಣಿಸಿ ಕಚ್ಚುತ್ತಾ? ಮೂರು ಸಲ ಅಲುಗಾಡಿದೆ ಅಂದ ಅವನು. ಮೂರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿ ತನಗೆ ಗೊತ್ತಿಲ್ಲದೆಯೇ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅಕ್ಕ ಅದನ್ನು ನೋಡಿದಳು.

ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ, ಹೆಣದ ಮೇಸ್ತ್ರಿ. ರಾಜರ ಸಿನಿಮಾಗಳಿಗೆ ಸೈನಿಕರನ್ನು ಒದಗಿಸುವುದು, ಯುದ್ಧ ಮುಗಿದ ಮೇಲೆ ಅವರನ್ನು ಬಯಲಲ್ಲಿ ಹೆಣಗಳಾಗಿ ಮಲಗಿಸುವುದು ಅವನ ಕಸುಬು. ಓಡುವುದನ್ನು, ಕಿರುಚುವುದನ್ನು ಯಾವ ಕತ್ತೆ ಬೇಕಾದರೂ ಮಾಡುತ್ತದೆ. ಸತ್ತು ಬೀಳುವುದೂ ಕಷ್ಟವಲ್ಲ. ಬಿದ್ದ ಮೇಲೆ ಸತ್ತೇ ಇರುವುದಿದೆಯಲ್ಲ, ಅದು ಕಷ್ಟ. ಬಿಸಿಲು ಕಣ್ಣಿಗೆ ಕುಕ್ಕುತ್ತದೆ, ರಕ್ತ ಎಂದು ಬಳಿದ ಸಕ್ಕರೆ ಪಾಕಕ್ಕೆ ನೊಣ ಮುತ್ತುತ್ತವೆ, ಕಾಲು ಜೋಮು ಹಿಡಿಯುತ್ತದೆ. ಒಂದು ಹೆಣ ಕೆಮ್ಮಿದರೆ ಇಡೀ ಯುದ್ಧಭೂಮಿ ಹಾಳು.

ಅದಕ್ಕೆ ಮೇಸ್ತ್ರಿ ಒಂದು ಪದ್ಧತಿ ಮಾಡಿದ್ದ. ಹೆಣಗಳನ್ನು ಜೋಡಿ ಜೋಡಿಯಾಗಿ ಮಲಗಿಸುವುದು, ಒಬ್ಬನ ಅಂಗೈ ಮೇಲೆ ಇನ್ನೊಬ್ಬನ ಅಂಗೈ. ನೋಡುವವರಿಗೆ ಒಬ್ಬರ ಮೇಲೊಬ್ಬರು ಬಿದ್ದು ಸತ್ತಂತೆ ಕಾಣಬೇಕು. ತಡೆಯಲಾಗದ ಕಷ್ಟ ಬಂದರೆ ಬೆರಳಿನಿಂದ ಮೂರು ಸಲ ಒತ್ತಬೇಕು: ನನ್ನಿಂದಾಗಲ್ಲ. ಜೋಡಿಯವನು ಎರಡು ಸಲ ಒತ್ತಿದರೆ: ತಡಕೋ. ನಿಜವಾಗಿಯೂ ಆಗದು ಎಂದಾದರೆ ಕೈ ಎತ್ತಿ ಶಾಟ್ ನಿಲ್ಲಿಸುವ ಹಕ್ಕು ಮುನ್ನೂರು ಹೆಣಗಳಲ್ಲಿ ಒಂದಕ್ಕೆ ಮಾತ್ರ ಇತ್ತು, ಅದು ಮೇಸ್ತ್ರಿಗೆ. ಮೂರು ವರ್ಷದಲ್ಲಿ ಅವನು ಕೈ ಎತ್ತಿದ್ದು ಒಂದೇ ಸಲ, ಕುದುರೆಯೊಂದು ದಾರಿ ತಪ್ಪಿ ಮೈಮೇಲೆ ಬಂದಾಗ. ಅದಕ್ಕೂ ನಿರ್ದೇಶಕ ಎಲ್ಲರೆದುರು ಅವನ ಮರ್ಯಾದೆ ತೆಗೆದಿದ್ದ.

ಅಕ್ಕನ ಗಂಡ ಭಾವನನ್ನು ಈ ಕೆಲಸಕ್ಕೆ ಕರೆತಂದವನು ಮೇಸ್ತ್ರಿಯೇ. ಬಂದ ಮೊದಲ ದಿನವೇ ಭಾವನಿಗೆ ಕೊರಡು ಎಂದು ಹೆಸರು ಬಿತ್ತು. ಮಲಗಿಸಿದರೆ ಮರದ ಕೊರಡೇ ಸರಿ. ಕಾಗೆ ಬಂದು ಎದೆಯ ಮೇಲೆ ಕೂತರೂ ಮಿಸುಕುತ್ತಿರಲಿಲ್ಲ. ಮಾತು ಮಾತ್ರ ಚುರುಕು. ಈ ಸಿನಿಮಾದಲ್ಲಿ ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರಾದ ಇಬ್ಬರು ರಾಜರು ಕಾದಾಡುತ್ತಾರೆ. ಆಳು ಸಾಲದೆ ಎರಡೂ ಸೈನ್ಯಕ್ಕೆ ಇವರದೇ ಮುನ್ನೂರು ಜನ. ಬೆಳಿಗ್ಗೆ ಕೆಂಪು ಪೇಟ, ಊಟವಾದ ಮೇಲೆ ಕಪ್ಪು ಪೇಟ. "ಬೆಳಿಗ್ಗೆ ಅಣ್ಣನಿಗೆ ಜೈ, ಮಧ್ಯಾಹ್ನ ತಮ್ಮನಿಗೆ ಜೈ. ಯಾರು ಗೆದ್ದರೂ ಸಾಯೋರು ಮಾತ್ರ ನಾವೇ ಕಣ್ರಪ್ಪಾ," ಎನ್ನುತ್ತಿದ್ದ ಭಾವ.

ಬೆರಳಿನ ಮಾತನ್ನು ಅವನು ಮನೆಗೂ ತಂದಿದ್ದ. ಬಂದ ನೆಂಟರು ಏಳುವ ಲಕ್ಷಣ ಕಾಣದಿದ್ದರೆ ಹೆಂಡತಿಯ ಅಂಗೈಯಲ್ಲಿ ಮೂರು ಸಲ ಒತ್ತುತ್ತಿದ್ದ. ಅವಳು ನಗು ತಡೆದುಕೊಂಡು ಎರಡು ಸಲ ಒತ್ತುತ್ತಿದ್ದಳು. ಮೂರರ ಅರ್ಥ ಅವಳಿಗೆ ಗೊತ್ತಿದೆ ಎಂಬುದು ಮೇಸ್ತ್ರಿಗೂ ಗೊತ್ತಿತ್ತು. ಅದಕ್ಕೇ ಐದು ದಿನದಿಂದ ಅವಳ ಮನೆಯಲ್ಲೇ ಇದ್ದು, ಅವಳು ಬಡಿಸಿದ್ದನ್ನೇ ಉಂಡು, ಅವಳ ಕಣ್ಣಿಗೆ ಕಣ್ಣು ಕೊಡದೆ ತಿರುಗುತ್ತಿದ್ದ.

"ನನ್ನನ್ನ ಸಾಕಿದ್ದು ನೀನು ಅಕ್ಕ," ಎಂದ. "ನನ್ನ ಮೇಲೆ ನಿನಗೆ ಅಷ್ಟೂ ನಂಬಿಕೆ ಇಲ್ವಾ?"

"ಸಾಕಿದ್ದಕ್ಕೇ ಕೇಳ್ತಿರೋದು. ನೀನು ಸುಳ್ಳು ಹೇಳುವಾಗ ಮೂಗು ಅರಳುತ್ತೆ, ಆರು ವರ್ಷದವನಿದ್ದಾಗಿಂದ ನೋಡಿದೀನಿ. ನಿಮ್ಮ ಭಾವನ ಕೈ ಕೆಳಗಿದ್ದ ಕೈ ಯಾರದು?"

ಲಾರಿ ಮತ್ತೆ ಹಾರ್ನ್ ಹೊಡೆಯಿತು.

"ನಂದು."

"ಒತ್ತಿದ್ರಾ?"

"ಒತ್ತಿದ್ರು."

"ಮೂರು ಸಲ?"

ಮೇಸ್ತ್ರಿ ತಲೆಯಾಡಿಸಿದ.

"ನೀನೇನು ಮಾಡ್ದೆ?"

ಏನು ಮಾಡಿದ್ದ? ಅವತ್ತು ತೆಗೆಯುತ್ತಿದ್ದದ್ದು ದೊಡ್ಡ ದೃಶ್ಯ. ಗೆದ್ದ ತಮ್ಮರಾಜ ಹೆಣಗಳ ನಡುವೆ ಅಣ್ಣನ ಹೆಣ ಹುಡುಕುತ್ತ ಬರುತ್ತಾನೆ, ಸಿಕ್ಕ ಮೇಲೆ ತೊಡೆಯ ಮೇಲೆ ಹಾಕಿಕೊಂಡು ಅಳುತ್ತಾನೆ. ಎಲ್ಲ ಒಂದೇ ಶಾಟು, ಮೇಲೆ ಕ್ರೇನ್. ಎರಡು ಸಲ ಕೆಟ್ಟು ಮೂರನೆಯದು ನಡೆಯುತ್ತಿತ್ತು. ಬಾಣ ನೆಟ್ಟಗೆ ನಿಲ್ಲಲಿ ಎಂದು ಭಾವನ ಎದೆಗೆ ಹಲಗೆ ಕಟ್ಟಿ ಮೇಲೆ ಕವಚ ಬಿಗಿದಿದ್ದರು. ಬೆಳಿಗ್ಗೆಯೇ ಭಾವ, "ಸ್ವಲ್ಪ ಸಡಿಲ ಮಾಡೋ, ಎದೆ ಹಿಡಿದಂಗಾಗ್ತಿದೆ," ಎಂದಿದ್ದ. "ಸಡಿಲ ಮಾಡಿದ್ರೆ ಬಾಣ ಬಾಗುತ್ತೆ ಭಾವ. ಬಾಗಿದ ಬಾಣಕ್ಕೆ ಯಾರು ಸಾಯ್ತಾರೆ?" ಎಂದಿದ್ದ ಮೇಸ್ತ್ರಿ. ಇಬ್ಬರೂ ನಕ್ಕಿದ್ದರು.

ತಮ್ಮರಾಜ ಹತ್ತು ಹೆಜ್ಜೆ ದೂರದಲ್ಲಿದ್ದಾಗ ಅಂಗೈಯಲ್ಲಿ ಬೆರಳು ಒತ್ತಿತು. ಒಂದು, ಎರಡು, ಮೂರು. ಮೂರು ವರ್ಷದಲ್ಲಿ ಕೊರಡು ಒತ್ತಿದ್ದು ಅದೇ ಮೊದಲು. ಅವನ ಜೋಡಿಗೆ ಬಂದ ಬೇರೆಯವರು ದಿನಕ್ಕೆ ಹತ್ತು ಸಲ ಒತ್ತುತ್ತಿದ್ದರು, ನೊಣಕ್ಕೆ, ಜೋಮಿಗೆ, ಉಚ್ಚೆಗೆ. ಎಲ್ಲರಿಗೂ ಮೇಸ್ತ್ರಿಯ ಉತ್ತರ ಒಂದೇ. ಬೆರಳು ತಾನಾಗಿ ಎರಡು ಸಲ ಒತ್ತಿತು. ಅಷ್ಟೇ ಅಲ್ಲ, ಅವನಿಗೆ ಒಳಗೊಳಗೇ ಒಂದು ಚೂರು ಖುಷಿಯೂ ಆಗಿತ್ತು: ಕೊರಡೂ ಸೋತ, ಸಂಜೆ ಲಾರಿಯಲ್ಲಿ ಕಾಡಿಸಬಹುದು.

ಬೆರಳು ಮತ್ತೆ ಅಲುಗಲಿಲ್ಲ. ತಡೆದುಕೊಂಡ, ಭೇಷ್, ಎಂದುಕೊಂಡ ಮೇಸ್ತ್ರಿ.

ತಮ್ಮರಾಜನ ಅಳು ಆ ದಿನ ಎಂದಿಲ್ಲದಂತೆ ಬಂತು. ನಿರ್ದೇಶಕ ಕಟ್ ಎನ್ನಲೇ ಇಲ್ಲ. ಕೊನೆಗೆ ಎಂದಾಗ ಬಯಲೆಲ್ಲ ಚಪ್ಪಾಳೆ. ಹೆಣಗಳು ಮೈ ಕೊಡವಿ ಎದ್ದವು, ಒಂದು ಏಳಲಿಲ್ಲ. "ಕೊರಡಣ್ಣ, ಯುದ್ಧ ಮುಗೀತು, ಏಳಪ್ಪ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಹತ್ತು ನಿಮಿಷ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಆಸ್ಪತ್ರೆಯಲ್ಲಿ.

"ಎರಡು ಸಲ ಒತ್ತಿದೆ," ಎಂದ ಮೇಸ್ತ್ರಿ.

ಅಕ್ಕ ಅಳಲಿಲ್ಲ. ಕತ್ತರಿಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

"ಈಗ ಮ್ಯಾನೇಜರ್ ಏನಂತಾನೆ?"

"ಬೆರಳು ಕಾಣುತ್ತಂತೆ. ಪರದೆ ಮೇಲೆ ಹಾಕಿ ನೋಡಿದಾಗ ಗೊತ್ತಾಯ್ತಂತೆ. ಇವತ್ತು ಮತ್ತೆ ತೆಗೀತಾರೆ. ಭಾವನ ಮೈಕಟ್ಟಿನೋರು ಒಬ್ಬರನ್ನ ಅದೇ ಜಾಗದಲ್ಲಿ ಮಲಗಿಸು ಅಂದ್ರು."

"ಮಲಗಿಸ್ತೀಯಾ?"

"ನಾನು ಹೋಗದಿದ್ರೆ ಆ ಮುನ್ನೂರು ಜನಕ್ಕೂ ಕೆಲಸ ಇಲ್ಲ ಅಕ್ಕ."

"ಮಲಗಿಸು. ಅದೇ ಬಾಣ, ಅದೇ ಕವಚ ಹಾಕಿ ಮಲಗಿಸು." ಅವಳು ಎದ್ದು ಕುರ್ಚಿಯನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿದಳು. "ಅಷ್ಟು ಜನಕ್ಕೆ ಸಾಯೋದು ಕಲಿಸಿದೆ. ಎರಡು ಸಲ ಒತ್ತೋದು ನಿನಗೆ ಚೆನ್ನಾಗಿ ಗೊತ್ತು. ಎದ್ದೇಳೋದು ಒಂದು ಗೊತ್ತಿರಲಿಲ್ಲ. ಹೋಗು, ಲಾರಿ ಕಾಯ್ತಿದೆ."

ಲಾರಿ ಶೂಟಿಂಗಿನ ಬಯಲಿಗೆ ಬಂತು. ಭಾವನ ಮೈಕಟ್ಟಿಗೆ ಸರಿಹೊಂದುವವನು ಗುಂಪಿನಲ್ಲಿ ಒಬ್ಬನೇ ಇದ್ದ. ಅವನಿಗೆ ತುರಿಕೆ ಎಂದು ಹೆಸರು. ಎರಡು ನಿಮಿಷ ಸುಮ್ಮನೆ ಮಲಗಿದವನೇ ಅಲ್ಲ. ಮೇಸ್ತ್ರಿ ತಾನೇ ಹಲಗೆ ಕಟ್ಟಿದ. ಕವಚದ ಪಟ್ಟಿಯನ್ನು ಎರಡು ತೂತು ಸಡಿಲ ಬಿಟ್ಟ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

"ಬಾಣ ಬಾಗುತ್ತೆ ಮೇಸ್ತ್ರಿ," ಎಂದ ತುರಿಕೆ.

"ಬಾಗಲಿ."

"ಇದು ಕೊರಡಣ್ಣಂದೇ ಕವಚ ಅಲ್ವಾ?"

"ಬಾಯಿ ಮುಚ್ಚಿ ಮಲಕ್ಕೋ."

ಮ್ಯಾನೇಜರ್ ಫೋಟೋ ಹಿಡಿದುಕೊಂಡು ಬಂದು, ಹೋದ ಸಲ ಯಾರ ಕೈ ಎಲ್ಲಿತ್ತೋ ಅಲ್ಲೇ ಇಡಿಸಿದ. ತುರಿಕೆಯ ಅಂಗೈ ಮೇಸ್ತ್ರಿಯ ಅಂಗೈ ಮೇಲೆ ಬಂತು. ಬಿಸಿಯಾಗಿತ್ತು, ಬೆವೆತಿತ್ತು. "ಈ ಸಲ ಯಾವನ ಬೆರಳಾದರೂ ಅಲುಗಾಡಿತೋ, ನೋಡಿ," ಎಂದ ಮ್ಯಾನೇಜರ್, ಯಾರನ್ನೂ ನೋಡದೆ.

ಆಕ್ಷನ್ ಎಂದರು. ಮೇಸ್ತ್ರಿ ಕಣ್ಣು ಮುಚ್ಚಿದ. ತಮ್ಮರಾಜನ ಗೆಜ್ಜೆ ಕಟ್ಟಿದ ಕತ್ತಿಯ ಸದ್ದು ದೂರದಿಂದ ಹತ್ತಿರ ಬಂತು, ಹತ್ತು ಹೆಜ್ಜೆಗೆ ನಿಂತಿತು. ಅಣ್ಣಾ ಎಂದು ಅಳು ಶುರುವಾಯಿತು. ಹಿಂದಿನ ಸಲದಷ್ಟು ಚೆನ್ನಾಗಿ ಬರುತ್ತಿಲ್ಲ ಎಂಬುದು ಮಲಗಿದವರಿಗೂ ಗೊತ್ತಾಗುತ್ತಿತ್ತು.

ಅಂಗೈಯಲ್ಲಿ ಬೆರಳು ಒತ್ತಿತು. ಒಂದು, ಎರಡು, ಮೂರು.

ಮೇಸ್ತ್ರಿಯ ಬೆರಳು ತಾನಾಗಿ ಒಂದು ಸಲ ಒತ್ತಿಬಿಟ್ಟಿತು. ಎರಡನೆಯದಕ್ಕೆ ಮಡಿಚಿದ ಬೆರಳು ಹಾಗೇ ನಿಂತಿತು.

ಅವನು ಎದ್ದು ಕೂತ. ಆಮೇಲೆ ಎದ್ದು ನಿಂತ. ತುರಿಕೆಯ ರಟ್ಟೆ ಹಿಡಿದು ಎಳೆದು ಕೂರಿಸಿದ.

"ಏನೋ? ಏನಾಗ್ತಿದೆ? ಎದೆನಾ?"

ತುರಿಕೆ ಕಣ್ಣು ಬಿಟ್ಟು ಸುತ್ತ ನೋಡಿದ. ಹೆದರಿ ಹೋಗಿದ್ದ. "ಏನಿಲ್ಲ ಮೇಸ್ತ್ರಿ. ಮೂಗು ಕಡೀತಿತ್ತು."

"ಕೆರ್ಕೋ."

"ಆಂ?"

"ಕೆರ್ಕೊಳ್ಳೋ ಅಂದೆ."

ತುರಿಕೆ ಮೂಗು ಕೆರೆದುಕೊಂಡ. ತಮ್ಮರಾಜ ಅಳುವುದನ್ನು ಮರೆತು ಬಾಯಿ ಬಿಟ್ಟು ನೋಡುತ್ತಿದ್ದ. ಅವನ ತೊಡೆಯ ಮೇಲಿದ್ದ ಅಣ್ಣರಾಜನೂ ಕತ್ತೆತ್ತಿ ನೋಡಿದ. ಮೈಕಿನಲ್ಲಿ ಮ್ಯಾನೇಜರನ ಗಂಟಲು ಹರಿಯಿತು: "ಮೇಸ್ತ್ರಿ, ತಲೆ ಕೆಟ್ಟಿದ್ಯಾ ನಿನಗೆ? ಮಲಕ್ಕೋ. ಎಲ್ಲಿಗೆ ಹೋಗ್ತಿದೀಯ? ಲೋ, ಕ್ಯಾಮೆರಾ ಓಡ್ತಿದೆ."

ಮೇಸ್ತ್ರಿ ತನ್ನ ಕವಚದ ಪಟ್ಟಿ ಬಿಚ್ಚಿ ಅದನ್ನು ನೆಲಕ್ಕೆ ಹಾಕಿದ. ಪೇಟ ತೆಗೆದು ಅದರ ಮೇಲಿಟ್ಟ. ಹೆಣಗಳ ನಡುವೆ ಯಾರನ್ನೂ ತುಳಿಯದೆ ಕಾಲು ಎತ್ತೆತ್ತಿ ಇಟ್ಟು ನಡೆದ. ಅವನು ಪಕ್ಕದಲ್ಲೇ ಹಾದು ಹೋದರೂ ಎಷ್ಟೋ ಜನ ಕಣ್ಣು ಬಿಡಲಿಲ್ಲ, ಉಸಿರೂ ಬಿಡಲಿಲ್ಲ. ಕಟ್ ಎಂದು ಇನ್ನೂ ಯಾರೂ ಅಂದಿರಲಿಲ್ಲವಲ್ಲ. ಅವನೇ ಕಲಿಸಿದ್ದು.

ಬಯಲಿನ ಗೇಟಿನಲ್ಲಿ ಕಾವಲಿನವನು, "ಏನ್ ಮೇಸ್ತ್ರಿ, ಊಟಕ್ಕೆ ಬಿಟ್ರಾ?" ಎಂದು ಕೇಳಿದ. ಮೇಸ್ತ್ರಿ ಗೇಟು ದಾಟಿದ. ಕೆನ್ನೆಯ ಮೇಲೆ ಸಕ್ಕರೆ ಪಾಕದ ರಕ್ತ ಹಾಗೇ ಇತ್ತು. ರಸ್ತೆ ಎಡಕ್ಕೆ ತಿರುಗಿದರೆ ಅಕ್ಕನ ಮನೆ. ಅವನು ಅಲ್ಲಿ ನಿಂತು ಒಂದು ಸಲ ಆ ಕಡೆ ನೋಡಿ, ಬಲಕ್ಕೆ ಹೋದ.

ಒಳಗೆ ಅರ್ಧ ಗಂಟೆ ಕಾದರು. ಆಮೇಲೆ ಅವನ ಕವಚವನ್ನು ಇನ್ನೊಬ್ಬನಿಗೆ ತೊಡಿಸಿ ಮಲಗಿಸಿದರು. ಸಂಜೆ ಲಾರಿ, ಮೇಸ್ತ್ರಿ ಮನೆಗೆ ಬಂದಿದ್ದಾನೇನೋ ಎಂದು, ಅಕ್ಕನ ಬಾಗಿಲಲ್ಲಿ ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಅವಳು ಹೊರಗೆ ಬಂದು ನೋಡಿದಳು. ಇಳಿಯುವವರು ಯಾರೂ ಇರಲಿಲ್ಲ.