ಪರಪರ ಕೆರೆವ ಪರಂಪರೆ

ಫಿಂಟನ್ ಗಿಲ್ಡೇಯ ಬಾಯಲ್ಲಿ ಹಲ್ಲುಗಳು ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಅಷ್ಟು ಸಂದಿಗಳಲ್ಲಿ ಒಂದರಿಂದಲೂ 'ಇಲ್ಲ' ಎಂಬ ಮಾತು ಜಾರಿ ಹೊರಬಿದ್ದದ್ದನ್ನು ನಮ್ಮೂರು ಕಿಲ್ಡರಾದಲ್ಲಿ ಯಾರೂ ಕೇಳಿರಲಿಲ್ಲ. ಅದು ಅವನೊಬ್ಬನ ರೋಗವಲ್ಲ. ನಮ್ಮೂರಲ್ಲಿ 'ನೋಡೋಣ' ಅಂದರೆ ಆಗುವುದಿಲ್ಲ. 'ಖಂಡಿತ ನೋಡೋಣ' ಅಂದರೆ ಸತ್ತರೂ ಆಗುವುದಿಲ್ಲ. ನೇರವಾಗಿ 'ಇಲ್ಲ' ಅನ್ನುವುದು ಚರ್ಚಿನೊಳಗೆ ಸೀಟಿ ಹೊಡೆದಷ್ಟು ಅಸಭ್ಯ.

ಈ ಸಭ್ಯತೆಯಿಂದಲೇ ಫಿಂಟನ್‌ನ ಹುಲ್ಲುಗಾವಲಿನ ಕಲ್ಲಿಗೆ ನಾಲ್ಕು ಸಾವಿರ ವರ್ಷ ವಯಸ್ಸಾಯಿತು.

ಆಳೆತ್ತರದ ಕಲ್ಲು ಅದು. ಫಿಂಟನ್‌ಗೆ ಏಳು ವರ್ಷವಿದ್ದಾಗ ಅವನಪ್ಪ ಹಳ್ಳದ ದಂಡೆಯಿಂದ ಟ್ರ್ಯಾಕ್ಟರಿನಲ್ಲಿ ಎಳೆತಂದು ನೆಟ್ಟದ್ದು. ಹಸುಗಳು ಮೈ ಉಜ್ಜಿ ಉಜ್ಜಿ ಬೇಲಿ ಮುರಿಯುತ್ತಿದ್ದವು, ಇದಕ್ಕಾದರೂ ಉಜ್ಜಿಕೊಳ್ಳಲಿ ಎಂದು. ಮೂವತ್ತು ವರ್ಷದ ಹಿಂದೆ ಪೋಸ್ಟ್ ಆಫೀಸಿನ ಅಟ್ರಾಕ್ಟಾ ಕಿಲ್ಬೇನ್ ಮೇಡಂ ತಾವೇ ಅಧ್ಯಕ್ಷರಾಗಿ ಊರಿಗೊಂದು ಪರಂಪರೆ ಸಂಘ ಕಟ್ಟಿದರು. ಕಟ್ಟಿದ ಮೇಲೆ ಪರಂಪರೆ ಹುಡುಕಲು ಹೊರಟರು. ಈ ಕಲ್ಲಿನೆದುರು ನಿಂತು, "ಇದು ನಾಲ್ಕು ಸಾವಿರ ವರ್ಷದ ಹಿಂದಿನ ಸೂರ್ಯಾರಾಧಕರ ಕಲ್ಲು, ಅಲ್ವಾ ಫಿಂಟನ್?" ಎಂದರು.

"ಇರಬೋದು," ಅಂದ ಫಿಂಟನ್.

ಕಿಲ್ಡರಾದಲ್ಲಿ ಸೂರ್ಯನನ್ನು ಆರಾಧಿಸಬೇಕಾದರೆ ಮೊದಲು ಮೋಡದೊಳಗೆ ಹುಡುಕಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೋರ್ಡು ಬಂತು, ಬೆಂಚು ಬಂತು.

ಈಗ ಕಾಗದ ಬಂದಿತ್ತು. ಗುರುವಾರ ಜಿಲ್ಲೆಯ ಪರಂಪರೆ ಅಧಿಕಾರಿ ಬಂದು ನೋಡುತ್ತಾರೆ, ಒಪ್ಪಿದರೆ ಕಲ್ಲು ಸರ್ಕಾರದ ಪಟ್ಟಿಗೆ ಸೇರುತ್ತದೆ, ಸುತ್ತ ಕಬ್ಬಿಣದ ಬೇಲಿ ಬೀಳುತ್ತದೆ. ಅಟ್ರಾಕ್ಟಾಗೆ ಹಬ್ಬ, ಫಿಂಟನ್‌ಗೆ ಎದೆನೋವು. ಅವನ ಕೆಂಪು ಹಸು ಬ್ರೈಡಿಗೆ ದಿನಾ ಸಂಜೆ ನಾಲ್ಕಕ್ಕೆ ಆ ಕಲ್ಲೇ ಆಗಬೇಕು. ಅಲ್ಲಿ ಕೆರೆದುಕೊಳ್ಳದಿದ್ದರೆ ಅವಳು ಹಾಲನ್ನೂ ಕೊಡಳು, ನೆಮ್ಮದಿಯನ್ನೂ ಕೊಡಳು.

ಊರವರಿಗೆ ಬದುಕಿರುವಾಗ ಬಿಯರ್, ಸತ್ತ ಮೇಲೆ ಶವಪೆಟ್ಟಿಗೆ, ಎರಡನ್ನೂ ಒಂದೇ ಅಂಗಡಿಯಿಂದ ಒದಗಿಸುವ ಪಾಸ್ಕಲ್ ಕೇಳಿದ, "ಅಟ್ರಾಕ್ಟಾ ಹತ್ರ ಹೋಗಿ ಬೇಲಿ ಬೇಡ ಅನ್ನಬಾರ್ದೇನಯ್ಯಾ?"

"ಅಂದೆ ಮಾರಾಯ."

"ಏನಂದೆ?"

"'ಬೇಲಿ ಒಳ್ಳೇದೇ, ಆದ್ರೂ ಅಲ್ಲಿ ಗಾಳಿ ಜಾಸ್ತಿ' ಅಂದೆ."

"ಅದಕ್ಕೆ?"

"ಹಾಗಾದ್ರೆ ಇನ್ನೂ ಗಟ್ಟಿ ಬೇಲಿ ಹಾಕಿಸ್ತೀನಿ ಅಂದ್ರು."

ಗುರುವಾರ ಮಧ್ಯಾಹ್ನ ಅಧಿಕಾರಿ ಸೋರ್ಚಾ ಬಂದಳು. ಮೊಣಕಾಲುದ್ದದ ಬೂಟು, ಕೈಯಲ್ಲೊಂದು ಭೂತಗನ್ನಡಿ. ಅಟ್ರಾಕ್ಟಾ ಬಿಷಪ್ ಬಂದಾಗ ಮಾತ್ರ ಹಾಕುವ ನೀಲಿ ಟೋಪಿ ಹಾಕಿಕೊಂಡಿದ್ದರು.

"ಈ ನುಣುಪು ನೋಡಿ," ಎಂದು ಕಲ್ಲಿನ ನಡು ಮುಟ್ಟಿ ತೋರಿಸಿದರು. "ಸಾವಿರಾರು ವರ್ಷ ಭಕ್ತರು ಸವರಿ ಸವರಿ ಹೀಗಾಗಿದೆ."

ಸೋರ್ಚಾ ಬಗ್ಗಿ, ಬಿರುಕಿನಿಂದ ಏನನ್ನೋ ಎಳೆದಳು. "ಭಕ್ತರಿಗೆ ಕೆಂಪು ಕೂದಲಿತ್ತಾ?"

"ನಮ್ಮ ಕಡೆ ಕೆಂಪು ಕೂದಲೇ ಜಾಸ್ತಿ," ಅಂದರು ಅಟ್ರಾಕ್ಟಾ, ರೆಪ್ಪೆ ಮಿಟುಕಿಸದೆ.

ಅಷ್ಟರಲ್ಲಿ ನಾಲ್ಕು ಹೊಡೆಯಿತು. ಗೇಟಿನ ಕಡೆಯಿಂದ ಬ್ರೈಡಿ ಬಂದಳು, ಸಂಘದ ಅಧ್ಯಕ್ಷರನ್ನು ಭುಜದಿಂದ ಪಕ್ಕಕ್ಕೆ ಸರಿಸಿದಳು, ಕಣ್ಣು ಮುಚ್ಚಿ ಕಲ್ಲಿಗೆ ಪಕ್ಕೆ ಕೊಟ್ಟಳು. ಪರಪರ, ಪರಪರ.

ಸೋರ್ಚಾ ಫಿಂಟನ್ ಕಡೆ ತಿರುಗಿದಳು. "ಈ ಕಲ್ಲು ಇಲ್ಲಿಗೆ ಹೇಗೆ ಬಂತು, ನಿಮಗೇನಾದ್ರೂ ಗೊತ್ತಾ?"

ಮೂವತ್ತು ವರ್ಷದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ಎಲ್ಲರೂ 'ಅಲ್ವಾ?' ಎಂದಷ್ಟೇ ಕೇಳಿದ್ದರು. ಫಿಂಟನ್ ನೀಲಿ ಟೋಪಿ ನೋಡಿದ. 'ಇರಬೋದು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆಮೇಲೆ ಬ್ರೈಡಿಯ ಮುಚ್ಚಿದ ಕಣ್ಣು ನೋಡಿದ.

"ನಮ್ಮಪ್ಪ ನೆಟ್ಟಿದ್ದು," ಅಂದ. "ಹಸು ಕೆರ್ಕೊಳ್ಳಲಿ ಅಂತ."

ಅಟ್ರಾಕ್ಟಾ ಬೆಂಚಿನ ಮೇಲೆ ಕುಸಿದರು. "ಮೂವತ್ತು ವರ್ಷ ಕಣೋ ಫಿಂಟನ್! ಒಂದು ಮಾತು ಹೇಳೋಕೆ ಏನು ಧಾಡಿ ಬಂದಿತ್ತು ನಿಂಗೆ?"

"ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ..." ಅವನು ಕ್ಯಾಪು ತೆಗೆದು ಕೈಯಲ್ಲಿ ಹಿಂಡಿದ. "ಕೇಳೋಕೆ ನಂಗೂ ಇಷ್ಟ ಆಗ್ತಿತ್ತು."

ಸೋರ್ಚಾ ಮಾತ್ರ ಬರೆದುಕೊಳ್ಳುತ್ತಲೇ ಇದ್ದಳು. "ದನ ಕೆರ್ಕೊಳ್ಳೋ ಕಲ್ಲುಗಳು ಜಿಲ್ಲೇಲಿ ಇನ್ನೆರಡೇ ಇರೋದು. ಇಲ್ಲಿ ನೆಟ್ಟೋರ ಮಗನೂ ಇದಾರೆ, ಬಳಸೋರೂ ಇದಾರೆ. ಪಟ್ಟಿಗೆ ಹಾಕ್ತೀನಿ. ಒಂದೇ ಷರತ್ತು. ಬೇಲಿ ಹಾಕಂಗಿಲ್ಲ. ಹಸು ಕೆರ್ಕೊತಾನೇ ಇರ್ಬೇಕು."

ಅಟ್ರಾಕ್ಟಾ ತಾವು ತಂದಿದ್ದ ಫ್ಲಾಸ್ಕಿನ ಚಹಾ ಪೂರ್ತಿ ಕುಡಿದು ಮುಗಿಸಿದರು. ಟೋಪಿ ನೆಟ್ಟಗೆ ಮಾಡಿಕೊಂಡು ಎದ್ದರು. "ಫಿಂಟನ್, ಇವಳು ಶನಿವಾರಾನೂ ನಾಲ್ಕಕ್ಕೇ ಬರ್ತಾಳಾ?"

ಶನಿವಾರ ಬೋರ್ಡು 'ಹಸು ಕೆರೆದುಕೊಳ್ಳುವ ಕಲ್ಲು, ಸಂಜೆ ನಾಲ್ಕಕ್ಕೆ' ಎಂದು ಬದಲಾಗಿತ್ತು. ಜಡಿಮಳೆಯಲ್ಲಿ ಇಪ್ಪತ್ತು ಜನ ಫೋನು ಹಿಡಿದು ಕಾದರು. ಫೋಟೋಗೆ ಅಂದವಾಗಿರಲಿ ಎಂದು ಅಟ್ರಾಕ್ಟಾ ಬೆಳಗ್ಗೆಯೇ ಬಂದು ಬ್ರೈಡಿಯ ಮೈಯನ್ನು ಗಟ್ಟಿ ಬ್ರಷ್ಷಿನಿಂದ ಎರಡು ಗಂಟೆ ಉಜ್ಜಿದ್ದರು. ನಾಲ್ಕು ಹೊಡೆಯಿತು. ತುರಿಕೆಯೆಲ್ಲ ತೀರಿದ್ದ ಬ್ರೈಡಿ ಹುಲ್ಲು ಮೆಲ್ಲುತ್ತ ಜನರನ್ನೇ ನೋಡುತ್ತ ನಿಂತಳು.

"ಇವತ್ತು ಕೆರ್ಕೊಳ್ತಾಳೆ ತಾನೇ?" ಪಿಸುಗುಟ್ಟಿದರು ಅಟ್ರಾಕ್ಟಾ.

"ಖಂಡಿತ ನೋಡೋಣ," ಅಂದ ಫಿಂಟನ್.

ಅಟ್ರಾಕ್ಟಾ ಅದೇ ಊರಿನಲ್ಲಿ ಹುಟ್ಟಿದವರು, ಅರ್ಥವಾಯಿತು. ಇಪ್ಪತ್ತು ಜನರ ಕಡೆಗೊಮ್ಮೆ ನಕ್ಕರು. ನೀಲಿ ಟೋಪಿ ಬಿಗಿಮಾಡಿಕೊಂಡು, ಕಲ್ಲಿಗೆ ಬೆನ್ನು ಕೊಟ್ಟರು.

"ಕ್ರಮ ಹೀಗೆ," ಎಂದು ಶುರುಮಾಡಿದರು. ಪರಪರ.