ಪೈಪಿಗೆ ಕಟ್ಟಿದ ಕಲ್ಲು

ಮಗ್ಗದ ಕುಣಿಯೊಳಗೆ ಇಳಿಬಿಟ್ಟಿದ್ದ ಪಾದಕ್ಕೆ ತಣ್ಣಗೆ ಏನೋ ತಾಗಿದಾಗ ಶಶಿಕಾಂತ ಹಾವೆಂದೇ ಹೆದರಿದ. ಬಗ್ಗಿ ನೋಡಿದರೆ ನೀರು. ಲಾಳಿ ಕೈಬಿಟ್ಟು ಮೇಲೆ ಹತ್ತಿದ. ಮೂಲೆಯಲ್ಲಿ ನೆಲದ ಮೇಲಿದ್ದ ಡ್ರಮ್ಮು ತುಂಬಿ ಚೆಲ್ಲಿತ್ತು. ಪಕ್ಕದ ಮೇಜಿನ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಬೆರಳೆತ್ತರ ನೀರೂ ಇರಲಿಲ್ಲ. ಆರು ಕೆಂಪು ಮೀನುಗಳು ಅಡ್ಡಬಿದ್ದಿದ್ದವು.

ಎದುರಿನ ಕಬ್ಬಿಣದ ಮಂಚದಿಂದ ಹೆಂಡತಿ ದೇವಿಕಾ ಆ ಮೀನುಗಳನ್ನೇ ನೋಡುತ್ತಿದ್ದಳು. ಲಕ್ವಾ ಹೊಡೆದು ವರ್ಷವಾಗಿತ್ತು. ಬಲಗಡೆಯ ಮೈ ಹೋಗಿತ್ತು, ಮಾತೂ ಹೋಗಿತ್ತು. ನೋಡುವುದಕ್ಕೆ ಏನಾದರೂ ಇರಲಿ ಎಂದು ಮೀನು ತಂದವನು ಶಶಿಕಾಂತನೇ. ಆಮೇಲೆ ಅವಳು ನಕ್ಕಿದ್ದೇನಾದರೂ ಇದ್ದರೆ ಆ ಮೀನುಗಳನ್ನು ನೋಡಿ ಮಾತ್ರ, ಗಂಡನನ್ನು ನೋಡಿಯಲ್ಲ. ಅವನು ತಂಬಿಗೆಯಿಂದ ನೀರು ಸುರಿದ. ಮೂರು ಮೀನು ಅಲುಗಿದವು, ಮೂರು ಅಲುಗಲಿಲ್ಲ.

ಬೇಸಿಗೆಯಲ್ಲಿ ಪೆಟ್ಟಿಗೆಯ ನೀರು ದಿನಾ ಆರುತ್ತಿತ್ತು. ಕುಣಿಯಿಂದ ಎದ್ದೆದ್ದು ಸುರಿಯುವುದು ಅವನಿಂದಾಗದೆ, ಮೋಟಾರು ರಿಪೇರಿಯ ಖಾಜಾಸಾಬನೇ ಡ್ರಮ್ಮಿನಲ್ಲೊಂದು ಪುಟ್ಟ ಮೋಟಾರು ಮುಳುಗಿಸಿ, ಅದರ ಪೈಪನ್ನು ಪೆಟ್ಟಿಗೆಗೆ ಹಾಯಿಸಿ, ಅಲ್ಲೊಂದು ತೇಲುವ ಬುರುಡೆ ಕೂಡಿಸಿದ್ದ. ನೀರಿಳಿದರೆ ಬುರುಡೆಯೂ ಇಳಿದು ಮೋಟಾರು ಶುರು, ಏರಿದರೆ ಬಂದ್. ಈ ಜಾಣತನವನ್ನು ಖಾಜಾಸಾಬ ಗಜೇಂದ್ರಗಡದ ಅರ್ಧ ಊರಿಗೆ ಹೇಳಿಕೊಂಡು ತಿರುಗಿದ್ದ.

ಹೇಳಿಕಳಿಸಿದ ಮೇಲೆ ಅವನು ಬರುವಷ್ಟರಲ್ಲಿ, ಹೋಗಿದ್ದ ಕರೆಂಟು ಬಂದು ಪೆಟ್ಟಿಗೆ ತುಂಬಿಕೊಂಡಿತ್ತು. ಬುರುಡೆಯನ್ನು ಹತ್ತು ಸಲ ಎತ್ತಿದ, ಹತ್ತು ಸಲ ಇಳಿಸಿದ.

"ಎಲ್ಲಾ ಬರೋಬ್ಬರಿ ಐತಲ್ಲಣ್ಣಾ. ನೋಡ, ಎತ್ತಿದ್ರ ಬಂದ್, ಬಿಟ್ರ ಚಾಲೂ."

"ಬರೋಬ್ಬರಿ ಇದ್ರ ನೀರು ತಾನ ಎದ್ದು ಹೊರಗ ನಡೀತೇನು? ಮೂರು ಮೀನ ಸತ್ತಾವ ಖಾಜಾ! ಆಕಿಗೆ ಏನಂತ ಹೇಳ್ಲಿ?"

ಖಾಜಾಸಾಬ ವಾಯರು ಬಿಚ್ಚಿದ, ಮೋಟಾರು ತೊಳೆದ, ಮತ್ತೆ ಕೂಡಿಸಿದ. ತಪ್ಪು ಸಿಗಲಿಲ್ಲ. ಸೋತು ಚಹಾದ ಬಟ್ಟಲು ಕೈಗೆತ್ತಿಕೊಂಡಾಗ ಮತ್ತೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಡ್ರಮ್ಮಿನೊಳಗೆ ಮಾತ್ರ ಬುಳುಬುಳು ಸಪ್ಪಳ. ಮೋಟಾರು ಸುಮ್ಮನಿದ್ದರೂ ಪೆಟ್ಟಿಗೆಯ ನೀರು ಇಳಿಯತೊಡಗಿತ್ತು.

ಖಾಜಾಸಾಬ ಬಟ್ಟಲಿಟ್ಟು ಪೆಟ್ಟಿಗೆಯೊಳಗೆ ಕೈ ಹಾಕಿ ಪೈಪು ಎಳೆದ. ಅದರ ತುದಿಗೆ ಕೆಂಪು ರೇಷ್ಮೆ ಎಳೆಯಿಂದ ಒಂದು ಕಲ್ಲು ಕಟ್ಟಿತ್ತು.

"ಇದನ್ನ ನಾ ನೀರಿನ ಮ್ಯಾಲ ಗೇಣುದ್ದ ಬಿಟ್ಟಿದ್ನಲ್ಲ? ತಳಕ್ಕ ಮುಳುಗಿಸಿದ್ರ, ಕರೆಂಟ್ ಹೋದಕೂಡ್ಲೆ ನೀರು ಬಂದ ದಾರೀಲೇ ವಾಪಸ್ ಇಳೀತೈತಿ." ಗಂಟನ್ನು ಬೆಳಕಿಗೆ ಹಿಡಿದ. "ಇದು ನೇಕಾರ್ ಗಂಟು. ನನಗ ಹಾಕಾಕ ಬರಂಗಿಲ್ಲ."

ಶಶಿಕಾಂತ ತನ್ನದೇ ಗಂಟನ್ನು ನೋಡಿದ. ಮಗ್ಗದ ಮೇಲಿದ್ದ ಸೀರೆಯದೇ ಎಳೆ.

"ಟಪ್ ಟಪ್ ಅಂತಿತ್ತೋ... ಆಕಿಗೆ ನಿದ್ದಿ ಹತ್ತವಲ್ದಾಗಿತ್ತು. ಅದಕ ನಿನ್ನೆ ರಾತ್ರಿ ಕಟ್ಟಿದ್ನಿ."

ಖಾಜಾಸಾಬ ಬೈಯಲಿಲ್ಲ. ಕಲ್ಲು ಬಿಚ್ಚಿ, ಪೈಪನ್ನು ಮೇಲೆ ಸಿಗಿಸಿದ. "ಸಪ್ಪಳ ಆದ್ರ ಆಗ್ಲಿ ಬಿಡಣ್ಣಾ," ಎಂದಷ್ಟೇ ಹೇಳಿ ಹೋದ.

ನೆಲ ಒರೆಸುತ್ತ ಬಂದ ಶಶಿಕಾಂತನ ಕೈಗೆ ಮಂಚದ ಕೆಳಗೆ ಏನೋ ಚುಚ್ಚಿತು. ಹಸಿರು ಬಳೆಯ ಚೂರು. ಒಂದಲ್ಲ, ಏಳೆಂಟು. ತಲೆಯೆತ್ತಿದ. ಮಂಚದ ಸರಳಿನ ಪಕ್ಕ ದೇವಿಕಾಳ ಎಡಗೈ ಬಿದ್ದಿತ್ತು. ಮುಂಗೈಯಲ್ಲಿ ಒಂದೂ ಬಳೆಯಿಲ್ಲ, ರಕ್ತ ಒಣಗಿತ್ತು.

ಆ ಸಪ್ಪಳ ಅವನಿಗೆ ಕೇಳಿಸಿತ್ತು. ಬೆಳಿಗ್ಗೆ ಮಗ್ಗ ಬಡಿಯುವಾಗ ಸರಳಿಗೆ ಬಳೆ ತಾಗುವ ಕಿಣಿಕಿಣಿ ಬಹಳ ಹೊತ್ತು ಕೇಳಿಸಿತ್ತು. ಮಗ್ಗಕ್ಕೆ ತಾಳ ಹಾಕುತ್ತಿದ್ದಾಳೆ, ಇವತ್ತು ಸ್ವಲ್ಪ ಚೇತರಿಸಿದ್ದಾಳೆ ಎಂದುಕೊಂಡಿದ್ದ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತಂಪಾಗಿ, ಇನ್ನೂ ಜೋರಾಗಿ ಬಡಿದಿದ್ದ.

"ದೇವಿಕಾ," ಎಂದ. ಅವಳು ಅವನನ್ನು ನೋಡಲಿಲ್ಲ, ಉಳಿದ ಮೂರು ಮೀನುಗಳನ್ನೇ ನೋಡುತ್ತಿದ್ದಳು. ಅವನು ಒದ್ದೆ ಬಟ್ಟೆಯಿಂದ ಮುಂಗೈ ಒರೆಸಿದ.

ಸಂಜೆ ಮತ್ತೆ ಕುಣಿಗೆ ಇಳಿದ. ತಳದಲ್ಲಿನ್ನೂ ಕೆಸರಿತ್ತು. ಪೆಟ್ಟಿಗೆಯಲ್ಲಿ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. ಲಾಳಿಯನ್ನು ಒಂದು ಸಲ ದಾಟಿಸಿ ಮಗ್ಗ ನಿಲ್ಲಿಸಿದ, ಮಂಚದ ಕಡೆ ಕಿವಿಗೊಟ್ಟ. ಇನ್ನೊಂದು ಸಲ ದಾಟಿಸಿದ, ಮತ್ತೆ ನಿಲ್ಲಿಸಿದ.