ಕಿಂಡಿ ಗೊತ್ತಿಲ್ಲದ ಮೊಲ

"ಮಹನೀಯರೇ, ಮಹಿಳೆಯರೇ! ನಮ್ಮ ಕ್ಲಬ್ಬಿನ ಮೊಲಗಳು ಮನೆಮಕ್ಕಳಿದ್ದ ಹಾಗೆ. ಆರು ವಾರ ಓಟ್ಸು, ಆರು ವಾರ ಅಭ್ಯಾಸ, ಒಂದೂ ಸತ್ತಿಲ್ಲ!"

ಐರ್ಲೆಂಡಿನ ಟಿಪ್ಪರರಿಯಲ್ಲಿ, ಮೊಲದ ಹಿಂದೆ ನಾಯಿ ಬಿಟ್ಟು ಪಂದ್ಯ ನಡೆಸುವ ಆ ಬಯಲಿನಲ್ಲಿ ಕ್ಲಬ್ ಕಾರ್ಯದರ್ಶಿ ಮ್ಯಾಲಕಿ ಟೂಹಿ ಮೈಕ್ ಹಿಡಿದು ಮೂಗಿನಲ್ಲಿ ಎಳೆದೆಳೆದು ಕೂಗುತ್ತಿದ್ದರೆ, ಬೇಲಿಯ ಬಳಿ ನಿಂತ ವನ್ಯಜೀವಿ ಅಧಿಕಾರಿ ಡಿಂಪ್ನಾ ಹ್ಯಾಕೆಟ್ ಅದೇ ಮೂಗು, ಅದೇ ಎಳೆತದಲ್ಲಿ ಸದ್ದಿಲ್ಲದೆ ತುಟಿಯಾಡಿಸುತ್ತಿದ್ದಳು. ಮೂರು ವರ್ಷ ಕೇಳಿ ಬಾಯಿಪಾಠವಾಗಿತ್ತು.

ಮೂರು ವರ್ಷವೂ ಆಕೆ ವರದಿಯಲ್ಲಿ ಬರೆದದ್ದು ಒಂದೇ: ಇಲ್ಲಿ ಮೊಲಗಳು ಸಾಯುತ್ತವೆ; ಸತ್ತದ್ದರ ಜಾಗಕ್ಕೆ ಹೊಸದನ್ನು ಬಲೆ ಹಾಕಿ ತಂದು, ಹಳೆಯದರ ಕಿವಿಯ ನಂಬರ್ ಬಿಲ್ಲೆಯನ್ನು ಅದಕ್ಕೆ ಚುಚ್ಚುತ್ತಾರೆ. ಮೂರು ವರ್ಷವೂ ಮೇಲಿನವರು ಕೇಳಿದ್ದು ಒಂದೇ: ಪುರಾವೆ ಎಲ್ಲಿ? ಇವತ್ತೂ ಸಿಗದಿದ್ದರೆ ನಾಳೆ ಕ್ಲಬ್ಬಿನ ಪರವಾನಗಿಗೆ ಮತ್ತೆ ಸಹಿ ಬೀಳುತ್ತಿತ್ತು; ಸಿಕ್ಕರೆ ಸ್ಥಳದಲ್ಲೇ ರದ್ದು ಮಾಡುವ ಅಧಿಕಾರ ಆಕೆಗಿತ್ತು.

ಮ್ಯಾಲಕಿ ವೇದಿಕೆಯಿಂದ ಕೆಳಗಿಳಿದು ಬಂದ. "ಏನ್ ಮೊಲದಮ್ಮಾ, ಎಣಿಸಿದ್ರಾ? ನಲವತ್ತೂ ಇದಾವಾ? ಬೇಕಿದ್ರೆ ಹಲ್ಲೂ ಎಣಿಸ್ಕೊಳ್ಳಿ."

"ನೀವು ಹಲ್ಲು ಕಿರಿದಾಗ್ಲೇ ಎಣಿಸಿಬಿಟ್ಟೆ ಕಣ್ರೀ."

ಮೊದಲು ಓಡಬೇಕಾದದ್ದು ಹದಿನೇಳನೇ ನಂಬರಿನ ಮೊಲ. ಬಯಲಿನ ಆ ತುದಿಯ ಬೇಲಿಯಲ್ಲಿ ಮೊಲ ಮಾತ್ರ ನುಸುಳುವ ಕಿಂಡಿಗಳಿದ್ದವು. ಆರು ವಾರ ದಿನಾ ಬೆಳಿಗ್ಗೆ ನಾಯಿಗಳಿಲ್ಲದೆ ಅಲ್ಲಿಗೇ ಓಡಿಸಿ ಓಡಿಸಿ, ಮೊಲಗಳು ಕಣ್ಣುಮುಚ್ಚಿ ಹೋಗುವಷ್ಟು ದಾರಿ ಕಲಿತಿರುತ್ತಿದ್ದವು. ಈ ಮೊಲ ಹೊರಬಂದು ನಿಂತೇಬಿಟ್ಟಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಬಾಯಿಗೆ ಕುಕ್ಕೆ ಕಟ್ಟಿದ ಎರಡು ನಾಯಿಗಳು ಹಿಂದೆ ಬಿದ್ದದ್ದೇ ತಡ, ತಿರುಗಿ ಚಿಪ್ಸ್ ಗಾಡಿಯ ಅಡಿಗೆ ನುಗ್ಗಿತು.

"ವಿನೆಗರ್ ಜಾಸ್ತಿ ಹಾಕಪ್ಪಾ ಅದಕ್ಕೆ!" ಯಾರೋ ಕೂಗಿದರು. ಬಯಲೆಲ್ಲ ನಕ್ಕಿತು.

ಡಿಂಪ್ನಾ ನಗಲಿಲ್ಲ. ಸೀಟಿ ಊದಿದಳು. ಆರು ವಾರ ಶಾಲೆಗೆ ಹೋದ ಮೊಲಕ್ಕೆ ಶಾಲೆಯ ಬಾಗಿಲೇ ಗೊತ್ತಿಲ್ಲವೇ?

"ಮ್ಯಾಲಕಿಯವರೇ, ಎಲ್ಲಾ ಮೊಲಾನೂ ಒಟ್ಟಿಗೆ ಬಿಡಿ. ನಾಯಿ ಬೇಡ."

"ನಾಯಿ ಇಲ್ದೆ ಜನ ಏನ್ ನೋಡ್ತಾರೆ?"

"ಮೊಲ ನೋಡ್ಲಿ. ಅನುಮಾನ ಬಂದ್ರೆ ಪರೀಕ್ಷಿಸ್ಬಹುದು ಅನ್ನೋ ಪರವಾನಗಿ ಷರತ್ತು ನಾನು ಓದ್ಲಾ, ಮೈಕಲ್ಲಿ ನೀವೇ ಓದ್ತೀರಾ?"

ಬಿಟ್ಟರು. ಇಪ್ಪತ್ತೆಂಟು ಮೊಲಗಳು ಬಾಣದಂತೆ ಕಿಂಡಿಗೆ ಹೋದವು. ಹನ್ನೊಂದು ದಿಕ್ಕಾಪಾಲಾದವು. ಗಾಡಿಯ ಅಡಿಯಿಂದ ಹದಿನೇಳನ್ನು ಎತ್ತಿಕೊಂಡ, ಪಂದ್ಯಕ್ಕೆ ನೇಮಿಸಿದ್ದ ಪಶುವೈದ್ಯ ಅದರ ಕಿವಿ ತಿರುಗಿಸಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಬಿಲ್ಲೆ ಚುಚ್ಚಿ ಎರಡು ದಿನಾನೂ ಆಗಿಲ್ಲ. ಗಾಯ ಇನ್ನೂ ಹಸಿ."

ಮ್ಯಾಲಕಿ ಮೈಕ್ ಕೆಳಗಿಟ್ಟ. ಡಿಂಪ್ನಾ ಎತ್ತಿಕೊಂಡಳು. ಅದೇ ಮೂಗು, ಅದೇ ಎಳೆತ:

"ಮಹನೀಯರೇ, ಮಹಿಳೆಯರೇ! ನಮ್ಮ ಕ್ಲಬ್ಬಿನ ಮೊಲಗಳು ಮನೆಮಕ್ಕಳಿದ್ದ ಹಾಗೆ. ಪರವಾನಗಿ ರದ್ದು. ಮಕ್ಕಳೆಲ್ಲ ಮನೆಗೆ!"

ನಾಯಿಗಳ ಯಜಮಾನರೂ ಹೊಟ್ಟೆ ಹಿಡಿದು ನಕ್ಕರು. ಆಕೆ ಗುಡ್ಡದ ಕಡೆಯ ಗೇಟನ್ನು ಪೂರ್ತಿ ತೆರೆದಳು. ಹದಿನೇಳನ್ನು ತನ್ನ ಕೋಟಿನಲ್ಲಿ ಸುತ್ತಿ ತಂದು ಇಬ್ಬನಿಯ ಹುಲ್ಲಿನ ಮೇಲಿಟ್ಟಳು. ಈ ಸಲ ಅದು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ; ನೆಟ್ಟಗೆ ಗುಡ್ಡಕ್ಕೆ ಓಡಿತು.